ಮದ್ದೂರಿಗೆ ಮೊದಲು ಬಂದದ್ದು ಕಲ್ಲು

(ಮಂಡ್ಯದಲ್ಲಿ ಪ್ರೌಢಶಾಲೆಯ ವಿಜ್ಞಾನ ಶಿಕ್ಷಕರ ಎದುರು ಆಡಿದ ಮಾತಿನ ಬರಹ ರೂಪ. ಅಂದು ಮೇಜಿನ ಮೇಲೆ ಹಿಟ್ಟು ಚೆಲ್ಲಿ ತೋರಿಸಿದ್ದನ್ನು ಇಲ್ಲಿ ಬರೀ ಮಾತಿನಲ್ಲೇ ಹೇಳಬೇಕಾಗಿದೆ.)

ಎಲ್ಲರಿಗೂ ನಮಸ್ಕಾರ.

ಧೂಮಕೇತು, ಕ್ಷುದ್ರಗ್ರಹ, ಉಲ್ಕೆಗಳ ಪಾಠವನ್ನು ನಾವೆಲ್ಲ ಎಲ್ಲಿಂದ ಶುರು ಮಾಡುತ್ತೇವೆ? ಡೈನೋಸಾರ್‌ನಿಂದ. ನಾನೂ ನೌಕರಿ ಮುಗಿಯುವವರೆಗೆ ಹಾಗೇ ಮಾಡಿದವನು. ಆಕಾಶದಿಂದ ಬೆಟ್ಟದಂಥ ಕಲ್ಲು ಬಂತು, ಡೈನೋಸಾರ್ ಸತ್ತವು ಅಂದರೆ ಸಾಕು, ಇಡೀ ಕ್ಲಾಸು ಬಾಯಿ ಬಿಟ್ಟುಕೊಂಡು ಕೂರುತ್ತದೆ. ಆಮೇಲೆ ನೋಡಿದರೆ ಪೀರಿಯಡ್ಡೆಲ್ಲ ಡೈನೋಸಾರ್ ಬಗ್ಗೆಯೇ ಕಳೆದುಹೋಗಿರುತ್ತದೆ, ಕಲ್ಲಿನ ವಿಷಯ ಕಲ್ಲಿನಲ್ಲೇ ಉಳಿದಿರುತ್ತದೆ. ಈಗ ನನ್ನನ್ನು ಕೇಳಿದರೆ ಆ ಕಲ್ಲು ಬಿದ್ದ ಮೆಕ್ಸಿಕೋ ಆಮೇಲೆ ಇರಲಿ, ಮದ್ದೂರಿನಿಂದ ಶುರು ಮಾಡಿ ಅಂತೀನಿ.

1865ರಲ್ಲಿ ಮದ್ದೂರಿನ ಸೀಮೆಯಲ್ಲಿ ಆಕಾಶದಿಂದ ಒಂದು ಕಲ್ಲು ಬಿತ್ತು. ದಾಖಲಾದ ತೂಕ 4.4 ಕಿಲೋ. ಉಲ್ಕಾಶಿಲೆಗೆ ಅದು ಬಿದ್ದ ಊರಿನ ಹೆಸರನ್ನೇ ಇಡುವುದು ಜಗತ್ತಿನ ರೂಢಿ. ಹಾಗಾಗಿ ಉಲ್ಕಾಶಿಲೆಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ನಮ್ಮ ಮದ್ದೂರು ಇವತ್ತಿಗೂ ಇದೆ. ಆದರೆ ಮದ್ದೂರು ಅಂತ ಹುಡುಕಿದರೆ ಸಿಗುವುದಿಲ್ಲ. ಅಂದಿನ ಇಂಗ್ಲಿಷ್ ಕಾಗುಣಿತದಲ್ಲಿ ಅದು ‘ಮುದ್ದೂರ್’ ಆಗಿಬಿಟ್ಟಿದೆ. ಆ ಹೊತ್ತಿಗೆ ಮಂಡ್ಯ ಜಿಲ್ಲೆಯೇ ಹುಟ್ಟಿರಲಿಲ್ಲ, ಅದಾದದ್ದು 1939ರಲ್ಲಿ. ಮುಮ್ಮಡಿ ಕೃಷ್ಣರಾಜ ಒಡೆಯರು ಇನ್ನೂ ಬದುಕಿದ್ದರು. ಮದ್ದೂರಿಗೆ ರೈಲು ಬಂದಿರಲಿಲ್ಲ, ರೈಲಿನಲ್ಲಿ ಮಾರುವ ವಡೆಯೂ ಬಂದಿರಲಿಲ್ಲ. ಮೊದಲು ಬಂದದ್ದು ಕಲ್ಲು.

ಇದನ್ನು ಹೇಳಿದ ದಿನ ಕ್ಲಾಸಿನಲ್ಲಿ ಮದ್ದೂರು ಕಡೆಯ ಹುಡುಗನೊಬ್ಬ ಎದ್ದು ನಿಂತು, “ಸಾ, ನಮ್ಮೂರ್ ತಾವ ಬಿದ್ದದ್ದಾ? ನಮ್ ತಾತಂಗೂ ಗೊತ್ತಿಲ್ಲ ಕನ ಸಾ” ಅಂದ. ಅಲ್ಲಿಂದ ಮುಂದೆ ಪಾಠವನ್ನು ನಾನು ಎಳೆಯಬೇಕಾಗಲಿಲ್ಲ, ಅವರೇ ಎಳೆದುಕೊಂಡು ಹೋದರು. ಕಲ್ಲು ಎಲ್ಲಿಂದ ಬಂತು, ಎಷ್ಟು ಹಳೆಯದು, ಯಾರ ತಲೆ ಮೇಲೂ ಬೀಳಲಿಲ್ಲವಾ, ಬಿದ್ದಾಗ ಎಷ್ಟು ದೊಡ್ಡ ಗುಂಡಿ ಆಯಿತು. ಈ ನಾಲ್ಕು ಪ್ರಶ್ನೆಯಲ್ಲಿ ನಮ್ಮ ಇಡೀ ಘಟಕ ಅಡಗಿದೆ.

ಮದ್ದೂರಿನದು ಕಾಂಡ್ರೈಟ್ ಜಾತಿಯ, ಅಂದರೆ ಒಳಗೆ ಸಣ್ಣ ದುಂಡು ಕಣಗಳಿರುವ ಕಲ್ಲು, ವಿಜ್ಞಾನಿಗಳ ವಿಂಗಡಣೆಯಲ್ಲಿ ದರ್ಜೆ ಎಲ್5. ಬಿದ್ದದ್ದನ್ನು ಜನ ಕಂಡ ಉಲ್ಕಾಶಿಲೆಗಳಲ್ಲಿ ಹೆಚ್ಚಿನವು ಕಾಂಡ್ರೈಟ್‌ಗಳೇ, ಹಾಗಾಗಿ ಅಪರೂಪದ್ದೇನಲ್ಲ. ಅಪರೂಪದ್ದು ಅದರ ವಯಸ್ಸು. ಕ್ಷುದ್ರಗ್ರಹದಿಂದ ಸಿಡಿದು ಬಂದ ಇಂಥ ಕಲ್ಲು ರೂಪುಗೊಂಡು 450 ಕೋಟಿ ವರ್ಷದ ಮೇಲಾಗಿರುತ್ತದೆ. ಕುಂತಿಬೆಟ್ಟ ಹತ್ತುವಾಗ ನಾವು ಕಾಲಿಡುವ ಸೀಮೆಯ ತಳಬಂಡೆ ಸುಮಾರು 300 ಕೋಟಿ ವರ್ಷದ್ದು, ಚಾಮುಂಡಿ ಬೆಟ್ಟದ ಗ್ರಾನೈಟು ಸುಮಾರು 80 ಕೋಟಿ ವರ್ಷದ್ದು. ಡೈನೋಸಾರ್‌ಗಳು ಅಳಿದು ಬರೀ 6.6 ಕೋಟಿ ವರ್ಷ. ಈ ನಾಲ್ಕು ಅಂಕಿಯನ್ನು ಬೋರ್ಡಿನ ಮೇಲೆ ಒಂದರ ಕೆಳಗೊಂದು ಬರೆದು ಸುಮ್ಮನೆ ನಿಂತರೆ ಸಾಕು. ತಾಯಿ ಚಾಮುಂಡಿಯ ಬೆಟ್ಟದ ಮುಂದೆ ಡೈನೋಸಾರ್ ನಿನ್ನೆ ಮೊನ್ನೆಯದು ಅಂತ ಮಕ್ಕಳಿಗೆ ಹೊಳೆದಾಗ ಅವರ ಮುಖ ನೋಡಬೇಕು.

ಇನ್ನು ಹೆಸರಿನ ಗೊಂದಲ. ಪರೀಕ್ಷೆಯಲ್ಲಿ ಮಕ್ಕಳು ಅಂಕ ಕಳೆದುಕೊಳ್ಳುವುದು ಇಲ್ಲೇ. ಬಾಹ್ಯಾಕಾಶದಲ್ಲಿ ಓಡಾಡುವಾಗ ಉಲ್ಕಾಕಾಯ, ಗಾಳಿಗೆ ನುಗ್ಗಿ ಬೆಳಗುವಾಗ ಉಲ್ಕೆ, ನೆಲಕ್ಕೆ ಬಿದ್ದು ಉಳಿದರೆ ಉಲ್ಕಾಶಿಲೆ. ಒಂದೇ ವಸ್ತುವಿಗೆ ಮೂರು ಹೆಸರು ಯಾಕೆ ಸಾರ್ ಅಂತ ಕೇಳುತ್ತಾರೆ. ಮಂಡ್ಯದ ಮಕ್ಕಳಿಗೆ ಇದಕ್ಕಿಂತ ಸುಲಭದ ಉತ್ತರ ಇಲ್ಲ: ಗದ್ದೆಯಲ್ಲಿ ಕಬ್ಬು, ಗಾಣದಲ್ಲಿ ಹಾಲು, ಕೊಪ್ಪರಿಗೆಯಲ್ಲಿ ಪಾಕ, ಅಚ್ಚಿನಲ್ಲಿ ಬೆಲ್ಲ. ಆಲೆಮನೆ ನೋಡಿದವರು ಯಾರೂ ಇದನ್ನು ಮರೆಯುವುದಿಲ್ಲ. ಕ್ಷುದ್ರಗ್ರಹ ಅಂದರೆ ಇದೇ ಕಲ್ಲಿನ ದೊಡ್ಡಪ್ಪ, ಹೆಚ್ಚಿನವು ಮಂಗಳ ಮತ್ತು ಗುರುಗ್ರಹದ ನಡುವೆ ಸುತ್ತುತ್ತವೆ. ಧೂಮಕೇತುವಿನಲ್ಲಿ ಮಂಜುಗಡ್ಡೆಯೂ ಇದೆ, ಸೂರ್ಯನ ಹತ್ತಿರ ಬಂದಾಗ ಅದು ಆವಿಯಾಗಿ ಬಾಲ ಮೂಡುತ್ತದೆ.

ಬಾಲದ ಬಗ್ಗೆ ಒಂದೇ ಮಾತು. ಪಟಾಕಿ ರಾಕೆಟ್ಟಿನ ಹಾಗೆ ಬಾಲ ಯಾವಾಗಲೂ ಹಿಂದೆ ಇರುತ್ತದೆ ಅಂತ ಮಕ್ಕಳು ಚಿತ್ರ ಬರೆಯುತ್ತಾರೆ. ಅದು ಇರುವುದು ಸೂರ್ಯನಿಗೆ ಬೆನ್ನು ಮಾಡಿದ ದಿಕ್ಕಿಗೆ. ಸೂರ್ಯನನ್ನು ಸುತ್ತಿ ವಾಪಸು ಹೋಗುವಾಗ ಧೂಮಕೇತು ತನ್ನ ಬಾಲವನ್ನು ಮುಂದೆ ಹಿಡಿದುಕೊಂಡು ನಡೆಯುತ್ತದೆ. ಇನ್ನು ‘ಧೂಮಕೇತು ಕಂಡರೆ ಕೇಡು’ ಅನ್ನುವ ಮನೆಮಾತನ್ನು ಕ್ಲಾಸಿನಲ್ಲಿ ಹೀಯಾಳಿಸಬೇಡಿ, ಮಗುವಿಗೆ ಅಜ್ಜಿಯೂ ಬೇಕು. 1949ರಲ್ಲಿ ನಮ್ಮ ಖಗೋಳ ವಿಜ್ಞಾನಿ ವೇಣು ಬಾಪು ಅವರು ಇನ್ನಿಬ್ಬರೊಂದಿಗೆ ಕಂಡುಹಿಡಿದ ಧೂಮಕೇತುವಿಗೆ ಅವರ ಹೆಸರೇ ಇದೆ, ಅವರಿಗೆ ಅದರಿಂದ ಕೇಡೇನೂ ಆಗಲಿಲ್ಲ ಅಂತ ಹೇಳಿ ಮುಂದಕ್ಕೆ ಹೋಗಿ.

ನಾನು ವರ್ಷಗಟ್ಟಲೆ ತಪ್ಪಾಗಿ ಹೇಳಿದ್ದೊಂದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಉಲ್ಕೆ ಗಾಳಿಯೊಂದಿಗೆ ಉಜ್ಜಿ, ಘರ್ಷಣೆಯಿಂದ ಬಿಸಿಯಾಗಿ ಉರಿಯುತ್ತದೆ ಅಂತಲೇ ಹೇಳಿಕೊಂಡು ಬಂದೆ. ನನಗೆ ಕಲಿಸಿದವರೂ ಅದನ್ನೇ ಹೇಳಿದ್ದರು. ಮುಖ್ಯ ಕಾರಣ ಅದಲ್ಲ. ಕಲ್ಲು ಅಷ್ಟು ವೇಗದಲ್ಲಿ ಬಂದಾಗ ಎದುರಿಗಿದ್ದ ಗಾಳಿಗೆ ಪಕ್ಕಕ್ಕೆ ಸರಿಯಲು ಪುರಸೊತ್ತೇ ಇರುವುದಿಲ್ಲ. ಅದು ಒತ್ತಿಸಿಕೊಂಡು ವಿಪರೀತ ಕಾಯುತ್ತದೆ, ಆ ಕಾವಿಗೆ ಕಲ್ಲಿನ ಮೈ ಕರಗಿ ಹಾರಿಹೋಗುತ್ತದೆ. ತೋರಿಸಲು ಸೈಕಲ್ ಪಂಪು ತನ್ನಿ. ತುದಿಗೆ ಬೆರಳು ಒತ್ತಿ ಹಿಡಿದು ಹತ್ತು ಸಲ ಹೊಡೆದು, ಪಂಪಿನ ಕೆಳಭಾಗ ಮುಟ್ಟಿಸಿ. ಪಂಪಿನೊಳಗೆ ವಾಷರು ಉಜ್ಜುವುದೂ ಇದೆಯಲ್ಲ ಸಾರ್ ಅಂತ ಯಾರಾದರೂ ಕೇಳಿದರೆ ಬೆನ್ನು ತಟ್ಟಿ. ಉಜ್ಜುವುದು ಪಂಪಿನ ಉದ್ದಕ್ಕೂ ಇದೆ, ಕಾಯುವುದು ಹೆಚ್ಚಾಗಿ ಗಾಳಿ ಒತ್ತಿಸಿಕೊಂಡ ತುದಿಯಲ್ಲಿ.

ವೇಗ ಅಂದೆ. ಸೆಕೆಂಡಿಗೆ 20 ಕಿಲೋಮೀಟರು ಅನ್ನುವುದು ಮಕ್ಕಳಿಗೆ ಬರೀ ಅಂಕಿ. ಬೆಂಗಳೂರಿನಿಂದ ಮೈಸೂರಿಗೆ ಏಳು ಸೆಕೆಂಡು ಅನ್ನಿ. ಮಂಡ್ಯದಿಂದ ಮೈಸೂರಿಗೆ ಎರಡು ಸೆಕೆಂಡು ಚಿಲ್ಲರೆ, ಕಂಡಕ್ಟರ್ ಸೀಟಿ ಊದುವಷ್ಟರಲ್ಲಿ ಸಬರ್ಬನ್ ಸ್ಟ್ಯಾಂಡು. ಚಲನ ಶಕ್ತಿಯ ಸೂತ್ರ ಒಂಬತ್ತನೇ ತರಗತಿಯವರಿಗೆ ಗೊತ್ತು. ಹಾಕಿ ಲೆಕ್ಕ ಮಾಡಿಸಿ. ಆ ವೇಗದ ಒಂದು ಕಿಲೋ ಕಲ್ಲಿನಲ್ಲಿ 20 ಕೋಟಿ ಜೌಲ್ ಶಕ್ತಿ ಇರುತ್ತದೆ, ಅಂದರೆ ಅಷ್ಟೇ ತೂಕದ ಟಿಎನ್‌ಟಿ ಸ್ಫೋಟಕಕ್ಕಿಂತ ಸುಮಾರು ಐವತ್ತು ಪಟ್ಟು. ಕಲ್ಲಿನೊಳಗೆ ಮದ್ದಿಲ್ಲ, ಅದರ ಓಟವೇ ಮದ್ದು.

ಹಾಗಾದರೆ ಮದ್ದೂರು ಯಾಕೆ ಉಳಿಯಿತು? ಇಲ್ಲಿ ಸ್ವಲ್ಪ ನಿಲ್ಲಬೇಕು. ಕೆಲವೇ ಕಿಲೋ ತೂಕದ ಕಲ್ಲನ್ನು ಗಾಳಿ ಮೇಲೆಯೇ ತಡೆದು ಸುಸ್ತು ಮಾಡಿಬಿಡುತ್ತದೆ. ಕೊನೆಗೆ ಅದು ಬೀಳುವುದು ಎತ್ತರದಿಂದ ಕೈಬಿಟ್ಟ ಮಾಮೂಲಿ ಕಲ್ಲಿನ ಹಾಗೆ, ಸೆಕೆಂಡಿಗೆ ನೂರಿನ್ನೂರು ಮೀಟರ್ ವೇಗದಲ್ಲಿ. ತಲೆ ಮೇಲೆ ಬಿದ್ದರೆ ಕಥೆ ಮುಗಿಯಿತು, ನೆಲಕ್ಕೆ ಬಿದ್ದರೆ ಸಣ್ಣ ಗುಂಡಿ ಅಷ್ಟೆ. ಬಿದ್ದ ಕಲ್ಲು ಕೆಂಡದ ಹಾಗೆ ಹೊಳೆಯುತ್ತಲೂ ಇರುವುದಿಲ್ಲ. ಆದರೆ 50 ಮೀಟರ್ ಅಗಲದ ಕಬ್ಬಿಣದ ಗುಡ್ಡೆ ಬಂದರೆ ಗಾಳಿಯ ಆಟ ನಡೆಯದು, ಅದು ಬಂದ ವೇಗದ ಬಹುಪಾಲನ್ನು ಉಳಿಸಿಕೊಂಡೇ ನೆಲ ಮುಟ್ಟುತ್ತದೆ.

ಈಗ ಹಿಟ್ಟಿನ ತಟ್ಟೆ. ಅಗಲವಾದ ಪ್ಲಾಸ್ಟಿಕ್ ಟಬ್ಬು ಒಂದು. ತಳಕ್ಕೆ ನಾಲ್ಕು ಬೆರಳು ದಪ್ಪ ಅಕ್ಕಿ ಹಿಟ್ಟು. ಮೇಲೆ ರಾಗಿ ಹಿಟ್ಟನ್ನು ಜರಡಿಯಲ್ಲಿ, ಕೆಳಗಿನ ಬಿಳಿ ಮುಚ್ಚುವಷ್ಟು ಮಾತ್ರ ತೆಳ್ಳಗೆ ಉದುರಿಸಿ, ಕೈಯಿಂದ ಒತ್ತಬೇಡಿ. ಫ್ಯಾನು ಆರಿಸಿ. ನಾನು ಮೊದಲ ಸಲ ಫ್ಯಾನು ಆರಿಸಲು ಮರೆತು, ಮುಂದಿನ ಬೆಂಚಿನವರೆಲ್ಲ ವಿಭೂತಿ ಬಳಿದುಕೊಂಡವರಾಗಿದ್ದರು. ಹೆಡ್‌ಮಾಸ್ಟರು ಬಾಗಿಲಲ್ಲಿ ನಿಂತು ಒಂದು ಮಾತೂ ಆಡದೆ ಹೋದರು, ಬೈದಿದ್ದರೇ ವಾಸಿಯಿತ್ತು.

ಒಂದು ಗೋಲಿ ತೆಗೆದುಕೊಂಡು ಮೊಣಕಾಲೆತ್ತರದಿಂದ ಬಿಡಿ. ಕುಳಿಯ ಅಂಚು ಉಬ್ಬುತ್ತದೆ, ಒಳಗಿನ ಬಿಳಿ ಹಿಟ್ಟು ಹೊರಗೆ ಚಿಮ್ಮಿ ಕಂದು ರಾಗಿಯ ಮೇಲೆ ಗೆರೆಗೆರೆಯಾಗಿ ಹರಡುತ್ತದೆ. ಹುಣ್ಣಿಮೆಯ ರಾತ್ರಿ ಬೈನಾಕ್ಯುಲರ್‌ನಲ್ಲಿ ಚಂದ್ರನ ದಕ್ಷಿಣ ಭಾಗದ ಟೈಕೋ ಕುಳಿ ನೋಡಿದವರು ಈ ಗೆರೆಗಳನ್ನು ತಕ್ಷಣ ಗುರುತಿಸುತ್ತಾರೆ. ಕೆಳಗಿದ್ದದ್ದು ಮೇಲೆ ಬಂತು. ಕುಳಿ ಅಂದರೆ ಬರೀ ಗುಂಡಿಯಲ್ಲ, ನೆಲದ ಒಳಗನ್ನು ಹೊರಗೆ ಹಾಕಿದ ಜಾಗ.

ಆಮೇಲೆ ಅದೇ ಗೋಲಿಯನ್ನು ನಾಲ್ಕು ಪಟ್ಟು ಎತ್ತರದಿಂದ ಬಿಡಿ. ಬಿಡುವ ಮೊದಲು ಕುಳಿ ಎಷ್ಟು ಅಗಲ ಆಗುತ್ತದೆ ಅಂತ ಎಲ್ಲರಿಂದ ಊಹೆ ಹೇಳಿಸಿ, ಬೋರ್ಡಿನ ಮೇಲೆ ಬರೆಯಿರಿ. ನಾಲ್ಕು ಪಟ್ಟು ಅನ್ನುವವರೇ ಹೆಚ್ಚು. ಸ್ಕೇಲಿಟ್ಟು ಅಳೆದರೆ ಎರಡು ಪಟ್ಟೂ ಬರುವುದಿಲ್ಲ. “ಸಾ, ಅಳತೆ ತಪ್ಪು” ಅಂತ ಜಗಳ ಶುರುವಾಗುತ್ತದೆ. ಇನ್ನೊಂದು ಸಲ, ಮತ್ತೊಂದು ಸಲ. ನನ್ನ ಪ್ರಕಾರ ಆ ದಿನದ ಪಾಠ ಆ ಜಗಳವೇ.

ಇಷ್ಟನ್ನು ಎಷ್ಟೋ ಕಡೆ ಮಾಡಿಸುತ್ತಾರೆ. ಮಾಡಿಸಿ, ಹೀಗೇ ಲೋನಾರ್ ಕುಳಿ ಆಯಿತು ಅಂತ ಹೇಳಿ ಬಿಟ್ಟುಬಿಡುತ್ತಾರೆ. ನನ್ನ ತಕರಾರು ಇರುವುದು ಅಲ್ಲಿ. ತಟ್ಟೆ ಸುಳ್ಳೂ ಹೇಳುತ್ತದೆ, ಆ ಸುಳ್ಳನ್ನು ಮಕ್ಕಳ ಕೈಯಲ್ಲೇ ಹಿಡಿಸಬೇಕು. ಗೋಲಿಯನ್ನು ಓರೆಯಾಗಿ ಎಸೆಯಲು ಹೇಳಿ. ಕುಳಿ ಉದ್ದಕ್ಕೆ ಬರುತ್ತದೆ, ಚಪ್ಪಲಿ ಗುರುತಿನ ಹಾಗೆ. ಈಗ ಚಂದ್ರನ ಚಿತ್ರ ತೋರಿಸಿ. ಅಷ್ಟೊಂದು ಕುಳಿಗಳು, ಹೆಚ್ಚುಕಮ್ಮಿ ಎಲ್ಲವೂ ದುಂಡು. ಎಲ್ಲ ಕಲ್ಲೂ ನೆಟ್ಟಗೆ ತಲೆ ಮೇಲಿಂದಲೇ ಬಿದ್ದವಾ? ಇನ್ನೊಂದು: ತಟ್ಟೆಯಲ್ಲಿ ಗೋಲಿ ಕುಳಿಯೊಳಗೇ ಕೂತಿದೆ. ಚಂದ್ರನ ಕುಳಿಗಳಲ್ಲಿ ಕಲ್ಲೆಲ್ಲಿ?

ಈ ಎರಡನೇ ಪ್ರಶ್ನೆಗೆ ಸಿಕ್ಕಿ ಒಬ್ಬ ಮನುಷ್ಯ ತನ್ನ ಬದುಕಿನ ಅರ್ಧವನ್ನೇ ಕಳೆದ. ಅಮೆರಿಕದ ಅರಿಜೋನಾ ಮರುಭೂಮಿಯಲ್ಲಿ 1.2 ಕಿಲೋಮೀಟರ್ ಅಗಲದ ಕುಳಿಯೊಂದಿದೆ. ಡೇನಿಯಲ್ ಬ್ಯಾರಿಂಜರ್ ಅನ್ನುವ ಗಣಿ ಎಂಜಿನಿಯರ್, ಇದು ಜ್ವಾಲಾಮುಖಿಯಲ್ಲ, ಆಕಾಶದ ಕಬ್ಬಿಣ ಬಿದ್ದು ಆದದ್ದು ಅಂದ. ಅವನು ಹೇಳಿದ್ದು ಸರಿ. ಆದರೆ ಅಷ್ಟು ದೊಡ್ಡ ಗುಂಡಿಯಡಿ ಅಷ್ಟೇ ದೊಡ್ಡ ಕಬ್ಬಿಣದ ಗಟ್ಟಿ ಹೂತಿರಲೇಬೇಕು, ತೆಗೆದು ಮಾರೋಣ ಅಂತ 1903ರಿಂದ ಕೊರೆಸತೊಡಗಿದ. ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲ ಕೊರೆದರೂ ಗಟ್ಟಿ ಸಿಗಲಿಲ್ಲ. 1929ರಲ್ಲಿ ಖಗೋಳ ವಿಜ್ಞಾನಿ ಮೌಲ್ಟನ್ ಲೆಕ್ಕ ಹಾಕಿ, ಬಂದದ್ದು ನೀವಂದುಕೊಂಡಷ್ಟು ದೊಡ್ಡದಲ್ಲ, ಬಹುಪಾಲು ಆವಿಯಾಗಿ ಹೋಗಿದೆ ಅಂದರು. ಅದೇ ವರ್ಷ ಬ್ಯಾರಿಂಜರ್ ತೀರಿಕೊಂಡ. ಅವನು ಹುಡುಕಿದ್ದು ತಟ್ಟೆಯ ಗೋಲಿಯನ್ನು.

ಆ ವೇಗದಲ್ಲಿ ಬಂದ ಕಲ್ಲು ನೆಲಕ್ಕೆ ಗುದ್ದಿ ಕೂರುವುದಿಲ್ಲ, ಸ್ಫೋಟಿಸುತ್ತದೆ. ಸ್ಫೋಟ ಎಲ್ಲ ದಿಕ್ಕಿಗೂ ಸಮನಾಗಿ ಹರಡುವುದರಿಂದ ಕಲ್ಲು ಓರೆಯಾಗಿ ಬಂದರೂ ಕುಳಿ ದುಂಡಗೇ ಆಗುತ್ತದೆ, ತೀರಾ ಅಡ್ಡಡ್ಡ ಬಂದರೆ ಮಾತ್ರ ಉದ್ದ. ಅರಿಜೋನಾದ್ದು ಅಪ್ಪಳಿಕೆಯ ಕುಳಿಯೇ ಅಂತ ಖಾತ್ರಿಯಾದದ್ದು 1960ರಲ್ಲಿ, ಭೂವಿಜ್ಞಾನಿ ಯೂಜೀನ್ ಶೂಮೇಕರ್ ಮತ್ತು ಸಂಗಡಿಗರು ಅಲ್ಲಿ ಕೋಸೈಟ್ ಪತ್ತೆ ಮಾಡಿದಾಗ. ಕೋಸೈಟ್ ಅಂದರೆ ವಿಪರೀತ ಒತ್ತಡದಲ್ಲಿ ರೂಪ ಬದಲಿಸಿದ ಸಿಲಿಕಾ, ನಮ್ಮ ಮರಳಿನದೇ ಇನ್ನೊಂದು ಅವತಾರ.

ಲೋನಾರ್ ನಮ್ಮ ಪಕ್ಕದ ಮಹಾರಾಷ್ಟ್ರದ ಬುಲ್ಢಾಣಾ ಜಿಲ್ಲೆಯಲ್ಲಿದೆ. ಕುಳಿಯ ಅಗಲ ಸುಮಾರು 1.8 ಕಿಲೋಮೀಟರು, ಕಪ್ಪು ಬಸಾಲ್ಟ್ ಕಲ್ಲಿನಲ್ಲಿ ಆದದ್ದು, ಒಳಗೆ ಉಪ್ಪುನೀರಿನ ಕೆರೆ. ಪ್ರವಾಸಕ್ಕೆ ಕರೆದುಕೊಂಡು ಹೋಗಲು ಆದರೆ ಹೋಗಿ. ಆಗದಿದ್ದರೆ ತಟ್ಟೆ ಸಾಕು.

ಡೈನೋಸಾರ್ ಈಗ ಬರಲಿ, ಈಗ ಅದಕ್ಕೆ ಬೆಲೆ. 1980ರಲ್ಲಿ ವಿಜ್ಞಾನಿಗಳಾದ ಅಲ್ವಾರೆಜ್ ತಂದೆ ಮಗ ಮತ್ತು ಅವರ ಜೊತೆಗಾರರು ಇಟಲಿಯ ಗುಬ್ಬಿಯೋ ಎಂಬಲ್ಲಿ, ಡೈನೋಸಾರ್ ಅಳಿದ ಕಾಲದ, ಬೆರಳಿನಷ್ಟು ದಪ್ಪದ ಜೇಡಿಯ ಪದರದಲ್ಲಿ ಇರಿಡಿಯಂ ಅನ್ನುವ ಲೋಹ ಸುಮಾರು ಮೂವತ್ತು ಪಟ್ಟು ಹೆಚ್ಚಿರುವುದನ್ನು ಕಂಡರು. ಭೂಮಿಯ ಮೇಲ್ಪದರದಲ್ಲಿ ಅದು ಅತಿ ವಿರಳ, ಉಲ್ಕಾಶಿಲೆಗಳಲ್ಲಿ ಅಷ್ಟು ವಿರಳವಲ್ಲ. ಕುಳಿ ಗೊತ್ತಾಗುವ ಮೊದಲೇ ಕಲ್ಲು ಬಿದ್ದದ್ದು ಗೊತ್ತಾಯಿತು. ಕುಳಿ ಇರುವುದು ಮೆಕ್ಸಿಕೋದ ಚಿಕ್ಷುಲೂಬ್‌ನಲ್ಲಿ, ಅಗಲ ಸುಮಾರು 180 ಕಿಲೋಮೀಟರು. ನಕ್ಷೆಯಲ್ಲಿ ಮಂಡ್ಯಕ್ಕೆ ಕೈವಾರದ ಮುಳ್ಳು ಊರಿ ಆ ಅಳತೆಯ ವೃತ್ತ ಎಳೆಸಿ. ಒಂದು ಕಡೆ ಬೆಂಗಳೂರು ಮುಟ್ಟುತ್ತದೆ, ಇನ್ನೊಂದು ಕಡೆ ಗುಂಡ್ಲುಪೇಟೆ ಒಳಗೆ ಬೀಳುತ್ತದೆ. ಅಷ್ಟು ಮಾಡಿದ ಕಲ್ಲಿನ ಅಗಲ ಸುಮಾರು 10 ಕಿಲೋಮೀಟರು.

ಈ ವೃತ್ತ ಎಳೆಸಿದ ದಿನ ಮಕ್ಕಳು ಹೆದರುತ್ತಾರೆ. ಹೆದರಿಸಿ ಮನೆಗೆ ಕಳಿಸಬೇಡಿ. ಒಂದು ಕಿಲೋಮೀಟರಿಗಿಂತ ದೊಡ್ಡದಾಗಿದ್ದು ಭೂಮಿಯ ಹತ್ತಿರ ಸುಳಿದಾಡುವ ಕ್ಷುದ್ರಗ್ರಹಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪತ್ತೆಯಾಗಿವೆ. ಹಾಗೆ ಪತ್ತೆಯಾದ ಯಾವುದೂ ಮುಂದಿನ ನೂರು ವರ್ಷದಲ್ಲಿ ನಮಗೆ ಬಡಿಯುವ ಹಾದಿಯಲ್ಲಿಲ್ಲ. ಸಣ್ಣವುಗಳ ಲೆಕ್ಕ ಇನ್ನೂ ಅರ್ಧಂಬರ್ಧ, ಅದನ್ನೂ ಮುಚ್ಚಿಡಬೇಡಿ.

2025ರ ಫೆಬ್ರವರಿಯಲ್ಲಿ ವಾಟ್ಸಾಪಿನಲ್ಲಿ ಓಡಾಡಿದ್ದು ನೆನಪಿರಬೇಕು. 2024 ವೈಆರ್4 ಅನ್ನುವ ಸುಮಾರು 60 ಮೀಟರ್ ಅಗಲದ ಕ್ಷುದ್ರಗ್ರಹ 2032ರ ಡಿಸೆಂಬರ್ 22ಕ್ಕೆ ಭೂಮಿಗೆ ಬಡಿಯುವ ಸಂಭವ ಶೇಕಡ ಒಂದು ಅಂದರು, ಅದು 3.1ರವರೆಗೆ ಏರಿತು, ಆಮೇಲೆ ಕೆಲವೇ ದಿನದಲ್ಲಿ ಹೆಚ್ಚುಕಮ್ಮಿ ಸೊನ್ನೆಗೆ ಇಳಿಯಿತು. ‘ವಿಜ್ಞಾನಿಗಳಿಗೆ ಏನೂ ಗೊತ್ತಿಲ್ಲ, ದಿನಕ್ಕೊಂದು ಹೇಳುತ್ತಾರೆ’ ಅಂದವರೇ ಬಹಳ. ಮೈದಾನದಲ್ಲಿ ಬ್ಯಾಟ್ಸ್‌ಮನ್ ಚೆಂಡನ್ನು ಎತ್ತಿ ಹೊಡೆದಾಗ ಏನಾಗುತ್ತದೆ ನೋಡಿ. ಮೊದಲಿಗೆ ಐದಾರು ಫೀಲ್ಡರುಗಳೂ ನನ್ನ ಕಡೆಗೇ ಇರಬಹುದು ಅಂತ ಕತ್ತೆತ್ತುತ್ತಾರೆ. ಚೆಂಡಿನ ದಾರಿ ತಿಳಿಯಾದಂತೆ ಒಬ್ಬೊಬ್ಬರೇ ಸುಮ್ಮನಾಗುತ್ತಾರೆ, ಉಳಿದವನಿಗೆ ಕ್ಯಾಚು ಬರುವ ಸಂಭವ ಏರುತ್ತಾ ಹೋಗುತ್ತದೆ. ಕೊನೇ ಗಳಿಗೆಯಲ್ಲಿ ಚೆಂಡು ಅವನ ತಲೆ ದಾಟಿ ಬೌಂಡರಿ. ಯಾರೂ ಸುಳ್ಳು ಹೇಳಲಿಲ್ಲ, ಚೆಂಡನ್ನು ನೋಡುತ್ತಾ ಇದ್ದರು.

ತಳ್ಳಲೂ ಆಗುತ್ತದೆ. 2022ರ ಸೆಪ್ಟೆಂಬರ್ 26ರಂದು ನಾಸಾದ ಡಾರ್ಟ್ ನೌಕೆ, ಸುಮಾರು 160 ಮೀಟರ್ ಅಗಲದ ಡೈಮಾರ್ಫಸ್ ಅನ್ನುವ ಕ್ಷುದ್ರಗ್ರಹಕ್ಕೆ ಬೇಕಂತಲೇ ಡಿಕ್ಕಿ ಹೊಡೆಯಿತು. ಅದು ತನ್ನ ದೊಡ್ಡ ಜೊತೆಗಾರನನ್ನು ಸುತ್ತಲು ಮೊದಲು 11 ಗಂಟೆ 55 ನಿಮಿಷ ಹಿಡಿಯುತ್ತಿತ್ತು, ಡಿಕ್ಕಿಯ ನಂತರ ಅರ್ಧ ಗಂಟೆಗೂ ಸ್ವಲ್ಪ ಹೆಚ್ಚೇ ಕಡಿಮೆಯಾಯಿತು.

ಇಷ್ಟರ ಮಧ್ಯೆ ಮಕ್ಕಳಿಗೆ ಬದುಕಿನಲ್ಲಿ ನಿಜಕ್ಕೂ ಉಪಯೋಗಕ್ಕೆ ಬರಬಹುದಾದ ಸಂಗತಿ ಒಂದಿದೆ, ರಷ್ಯಾದ ಚೆಲ್ಯಾಬಿನ್ಸ್ಕ್‌ನದು. 2013ರ ಫೆಬ್ರವರಿ 15ರ ಬೆಳಿಗ್ಗೆ ಸುಮಾರು 20 ಮೀಟರ್ ಅಗಲದ ಕಲ್ಲು ನೆಲದಿಂದ 30 ಕಿಲೋಮೀಟರ್ ಎತ್ತರದ ಆಸುಪಾಸಿನಲ್ಲಿ ಸಿಡಿಯಿತು. ಸೂರ್ಯನನ್ನೂ ಮೀರಿಸುವ ಬೆಳಕು. ಸದ್ದಿಲ್ಲ. ಏನದು ಅಂತ ಜನ ಕಿಟಕಿಗೆ ಓಡಿದರು. ಒಂದೆರಡು ನಿಮಿಷದ ಮೇಲೆ ಗಾಳಿಯ ಹೊಡೆತ ಬಂತು, ಗಾಜು ಪುಡಿಪುಡಿ. ಗಾಯಗೊಂಡ ಸುಮಾರು 1,500 ಜನರಲ್ಲಿ ಹೆಚ್ಚಿನವರದು ಗಾಜಿನ ಗಾಯ. ಅಲ್ಲಿನ ಒಂದು ಶಾಲೆಯಲ್ಲಿ ನಾಲ್ಕನೇ ತರಗತಿಯ ಮೇಡಂ ಬೆಳಕು ಕಂಡ ಕೂಡಲೇ, ಅದೇನೆಂದು ತಿಳಿಯದಿದ್ದರೂ, 44 ಮಕ್ಕಳನ್ನೂ ಡೆಸ್ಕಿನ ಕೆಳಗೆ ಕೂರಿಸಿದರು. ಒಂದು ಮಗುವಿಗೂ ಗಾಯವಾಗಲಿಲ್ಲ. ನಿಂತೇ ಇದ್ದ ಅವರ ಕೈಗೆ ಗಾಜು ಬಡಿಯಿತು. ಮಿಂಚು ಕಂಡ ಮೇಲೆ ಗುಡುಗಿಗೆ ಎಣಿಸುವುದನ್ನು ನಮ್ಮ ಮಕ್ಕಳು ಬಲ್ಲರು. ಬೆಳಕು ಮೊದಲು, ಹೊಡೆತ ಆಮೇಲೆ, ನಡುವಿನ ಹೊತ್ತು ಕಿಟಕಿಯಿಂದ ದೂರ ಸರಿಯಲು ಇರುವುದು ಅಂತ ಅದಕ್ಕೇ ಸೇರಿಸಿ ಹೇಳಿ.

ಮೈದಾನದ ಕೆಲಸಕ್ಕೆ ಬಂದರೆ, ಆಗಸ್ಟ್ 12-13ರ ಪರ್ಸೀಯಸ್ ಉಲ್ಕಾವೃಷ್ಟಿಯನ್ನು ನಂಬಬೇಡಿ. ನಾನೊಮ್ಮೆ ಮೂವತ್ತು ಮಕ್ಕಳನ್ನು ಶಾಲೆಯ ತಾರಸಿಯಲ್ಲಿ ರಾತ್ರಿ ಕೂರಿಸಿ, ಬೆಳಗಾಗುವವರೆಗೂ ಜಡಿಮಳೆ ತೋರಿಸಿದೆ. ಡಿಸೆಂಬರ್ 13-14ರ ಮಿಥುನ ರಾಶಿಯ ಉಲ್ಕೆಗಳು ನಮಗೆ ಹೇಳಿ ಮಾಡಿಸಿದಂತಿವೆ. ಆಕಾಶ ತಿಳಿ, ರಾಶಿ ಸಂಜೆಯ ನಂತರವೇ ಮೇಲೇರುತ್ತದೆ. ಚಂದ್ರನಿಲ್ಲದ ವರ್ಷ ನೋಡಿಕೊಂಡು, ಊರ ದೀಪ ಬಿಟ್ಟು ನಾಲೆ ಏರಿಯ ಕಡೆ ಹೋಗಿ ಚಾಪೆ ಹಾಸಿ. ನೀರಿನ ಅಂಚಿಗೆ ಯಾರನ್ನೂ ಬಿಡಬೇಡಿ. ಎಲ್ಲ ಗೆರೆಯನ್ನೂ ನಕ್ಷೆಯಲ್ಲಿ ಹಿಂದಕ್ಕೆ ಎಳೆಸಿದರೆ ಒಂದೇ ಕಡೆ ಸೇರುತ್ತವೆ. ಹೆಚ್ಚಿನ ಉಲ್ಕಾವೃಷ್ಟಿಗಳ ಮೂಲ ಧೂಮಕೇತುವಾದರೆ, ಈ ಉಲ್ಕೆಗಳ ಮೂಲ ಫೀಥಾನ್ ಅನ್ನುವ ಕ್ಷುದ್ರಗ್ರಹ. ಅಲ್ಲಿಗೆ ನಾವು ಹೇಳಿಕೊಟ್ಟ ಅಚ್ಚುಕಟ್ಟು ವಿಂಗಡಣೆ ಸ್ವಲ್ಪ ಅಲ್ಲಾಡುತ್ತದೆ, ಅಲ್ಲಾಡಲಿ.

ಇದೆಲ್ಲ ಆದ ಮೇಲೆ ಮಕ್ಕಳು ಕಲ್ಲು ತರಲು ಶುರು ಮಾಡುತ್ತಾರೆ. ನನ್ನ ಮೇಜಿನ ಕೆಳಗೆ ಒಂದು ಬುಟ್ಟಿಯೇ ತುಂಬಿತ್ತು. ಬಹುಪಾಲು ಕಬ್ಬಿಣದ ಕಿಟ್ಟ, ಕುಲುಮೆಯ ಹತ್ತಿರ ಬಿದ್ದದ್ದು. ಭಾರ ಇದೆ, ಕಪ್ಪಗಿದೆ, ಕೆಲವಕ್ಕೆ ಅಯಸ್ಕಾಂತವೂ ಹಿಡಿಯುತ್ತದೆ. ಒಡೆದ ಕಡೆ ಗುಳ್ಳೆಯ ತೂತು ಕಂಡರೆ ಅದು ಕಿಟ್ಟ, ಉಲ್ಕಾಶಿಲೆಯಲ್ಲಿ ಗುಳ್ಳೆ ಇರುವುದು ತೀರಾ ಅಪರೂಪ. ನಿಜದ್ದೇ ಇರಬಹುದು ಅನ್ನಿಸಿದರೆ ಒಡೆಯಬೇಡಿ, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರಿಗೆ ತಿಳಿಸಿ. 2008ರಲ್ಲಿ ಹೊಸೂರು ಕಡೆಯ ಶೂಲಗಿರಿಯಲ್ಲಿ ನೂರು ಕಿಲೋಗೂ ಮಿಕ್ಕಿದ ಕಲ್ಲು ಬಿದ್ದಿತ್ತು, ಹಾಗಾಗಿ ಬುಟ್ಟಿಯನ್ನು ನೋಡದೆ ಎಸೆಯಲೂಬಾರದು.

ಮಾತು ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು. ಹ್ಯಾಲಿ ಧೂಮಕೇತು ಮತ್ತೆ ಯಾವಾಗ ಅಂತ ಒಬ್ಬರು. 2061ರ ಜುಲೈ. 2023ರ ಡಿಸೆಂಬರಿನಲ್ಲಿ ಅದು ತೀರಾ ದೂರದ ತಿರುವು ಮುಟ್ಟಿ ಈ ಕಡೆಗೆ ಹೊರಟಾಗಿದೆ. ನಿಮ್ಮ ಎಂಟನೇ ತರಗತಿಯವರು ಐವತ್ತರ ಆಸುಪಾಸಿನಲ್ಲಿರುತ್ತಾರೆ ಅಂದೆ. ಹಿಂದಿನ ಸಾಲಿನಿಂದ ಒಬ್ಬರು ಮೇಡಂ ಕೇಳಿದರು: “ಸಾರ್, ಅಷ್ಟು ಹಿಟ್ಟು ಕಲಸಿ ಹೋಗುತ್ತಲ್ಲ, ಕೊನೆಗೆ ಏನು ಮಾಡಿದ್ರಿ?” ಬಿಸಿಯೂಟದ ಅಮ್ಮನವರನ್ನು ಕೇಳಿ ನೋಡಿದ್ದೆ. “ಗೋಲಿ ಬಿದ್ದಿದ್ ಹಿಟ್ಟು ನಮಗ್ ಬ್ಯಾಡ ಸಾ, ಯಾರ್ ಜರಡಿ ಹಿಡೀತಾರೆ” ಅಂದುಬಿಟ್ಟರು. ಆ ಮದ್ದೂರು ಕಡೆಯ ಹುಡುಗನೇ ಚೀಲಕ್ಕೆ ತುಂಬಿಕೊಂಡು ಹೋದ, ಅವರ ಮನೆಯಲ್ಲಿ ಕೋಳಿ ಇದ್ದವು.